ಮೇಲ್ಕಟ್ಟು

ದೇವರ ಮಂಟಪದ ಮೇಲೆ ಬಿಗಿದು ಕಟ್ಟುವ ವಸ್ತ್ರಕ್ಕೆ ನಮ್ಮ ಹಿರಿಯರು ಮೇಲ್ಕಟ್ಟು ಎಂದರು. ಅಂದವಿದ್ದುದಲ್ಲದೆ, ಮಾಡಿನಿಂದ ಉದುರುವ ಧೂಳನ್ನೂ ಹುಳವನ್ನೂ ಅದು ತಡೆಯುತ್ತಿತ್ತು. ಕರಾವಳಿಯ ಹಂಚಿನ ಮನೆಗಳಲ್ಲಿ ಆ ಕೆಲಸವನ್ನು ಹಲಗೆಯ ಮುಚ್ಚಿಗೆಯು ವಹಿಸಿಕೊಂಡಿತು. ಈಗ ಪಣಜಿಯ ಕಚೇರಿಗಳಲ್ಲಿ ಜಿಪ್ಸಮ್ ಹಲಗೆಗಳನ್ನು ಲೋಹದ ಪಟ್ಟಿಗಳಿಗೆ ಬಿಗಿದು ತೂಗಿಸಿ, 'ಫಾಲ್ಸ್ ಸೀಲಿಂಗ್' ಎನ್ನುವರು. ತಂತಿಗಳನ್ನು ಮರೆಮಾಡುವುದು, ತಂಪುಯಂತ್ರವು ತಣಿಸಬೇಕಾದ ಗಾಳಿಯನ್ನು ಕಡಿಮೆ ಮಾಡುವುದು ಎಲ್ಲವೂ ನಿಜವಾದ ಕೆಲಸಗಳಾಗಿರುವಾಗ ಅದಕ್ಕೆ ಸುಳ್ಳೆಂಬ ಹೆಸರೇಕೆ ಬಂದಿತೋ!

ಚಿಂಬಲ್‌ನ ಇಂದಿರಾನಗರದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಮನೆಗಳು ಅನೇಕ. ನಮ್ಮ ನೆರೆಯವರೊಬ್ಬರು ಇಂತಹ ಸೀಲಿಂಗು ಕಟ್ಟುವುದರಲ್ಲಿ ನಿಪುಣರು. ಅವರ ಮನೆಗೋ ಬರಿಯ ತಗಡು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅವರ ಮಗನು ಬೆವರಿನಿಂದ ತೊಯ್ದ ಪುಸ್ತಕದ ಮುಂದೆ ತೂಕಡಿಸುತ್ತಿದ್ದುದನ್ನು ಕಂಡು, "ನಿಮ್ಮ ಮನೆಗೇಕೆ ಕಟ್ಟಲಿಲ್ಲ?" ಎಂದೆವು. "ಮಾಸ್ತರ್ರ, ಅದು ಸಾಹುಕಾರ ಮಂದಿ ಚೈನಿ, ನಮಗ್ಯಾಕ್ರಿ?" ಎಂದು ನಕ್ಕರು.

ಆ ಮಾತನ್ನು ನಾವು ಒಪ್ಪಲಾರೆವು. ಕಾದ ತಗಡು ಶಾಖವನ್ನು ಕಿರಣರೂಪದಲ್ಲಿ ನಮ್ಮ ನೆತ್ತಿಯ ಮೇಲೆಯೇ ಚೆಲ್ಲುವುದು. ನಡುವೆ ಮುಚ್ಚಿಗೆಯೊಂದಿದ್ದರೆ ಆ ಕಿರಣಗಳು ಮೊದಲು ಅದಕ್ಕೆ ತಾಗುವುವು. ನಡುವಣ ಗಾಳಿಯಾದರೋ ಶಾಖವನ್ನು ಬೇಗನೆ ದಾಟಿಸದು. ಹೀಗಾಗಿ ಕಚೇರಿಗಿಂತಲೂ ತಗಡಿನ ಮನೆಗೇ ಇದು ಅವಶ್ಯ.

ಇದನ್ನು ನಾವು ಪೆಟ್ಟು ತಿಂದು ಕಲಿತೆವು. ತಗಡಿನ ನಮ್ಮ ಕೋಣೆಗೆ ಮೊದಲ ವರ್ಷ ಹಲಗೆ ಹೊಡೆಯಿಸಿ, ಇಲಿ ಬಾರದಿರಲೆಂದು ನಾಲ್ಕೂ ಕಡೆ ಸಂದಿಲ್ಲದಂತೆ ಮುಚ್ಚಿದೆವು. ಹಗಲೆಲ್ಲ ಕೂಡಿದ ಬಿಸಿಗಾಳಿಯು ಹೊರದಾರಿ ಕಾಣದೆ, ರಾತ್ರಿಯವರೆಗೂ ಹಲಗೆಯನ್ನು ಕಾಯಿಸಿತು. ಮರುವರ್ಷ ಮಾಡಿನ ತುದಿಯ ಕೆಳಗೆ ಎರಡೂ ಗೋಡೆಗಳಲ್ಲಿ ಕಿಂಡಿ ಕೊರೆಯಿಸಿ ತಂತಿಬಲೆ ಹೊಡೆದ ಮೇಲೆ ಬೇಗೆಯು ಇಳಿಯಿತು. ಮಳೆಗಾಲದಲ್ಲಿ ಇನ್ನೊಂದು ಲಾಭ ತಿಳಿಯಿತು. ಗೋವೆಯ ಮಳೆಯು ತಗಡಿನ ಮೇಲೆ ನಗಾರಿ ಬಾರಿಸುವಾಗ ಪಾಠ ಹೇಳುವವನ ದನಿ ಅವನಿಗೇ ಕೇಳಿಸದು. ಸದ್ದು ಪೂರ್ತಿ ನಿಲ್ಲಲಿಲ್ಲ. ಆದರೆ ಪದ್ಯ ಓದುವ ಮಗು ಎಲ್ಲಿ ತಪ್ಪಿತೆಂಬುದು ಕೇಳಿಸತೊಡಗಿತು.

ಇದನ್ನೆಲ್ಲ ನೆರೆಯವರಿಗೆ ಹೇಳಿದೆವು. ಅವರು ಕೆಲಸಗಾರರ ಕಣ್ಣಿನಿಂದ ಮೇಲೆ ನೋಡಿ, ಜಿಪ್ಸಮ್ ನೀರು ಕುಡಿದರೆ ಉಬ್ಬಿ ಬೀಳುವುದೆಂದೂ ಮೊದಲು ತಗಡಿನ ಸೋರಿಕೆಯನ್ನು ನಿಲ್ಲಿಸಬೇಕೆಂದೂ ನಮಗೇ ತಿಳಿಹೇಳಿದರು. ಮುಂದಿನ ಭಾನುವಾರ ತಗಡಿನ ತೂತುಗಳನ್ನು ಮುಚ್ಚಿ, ಧಣಿಯನ್ನು ಕೇಳಿ ತಂದ ಉಳಿಕೆ ಹಲಗೆಗಳನ್ನು ಕಟ್ಟತೊಡಗಿದರು. ತುಂಡುಗಳು ಸಾಲದೆ, ಹುಡುಗನು ಓದಲು ಕೂರುವ ಮೂಲೆಗೆ ಮಾತ್ರ ಮುಚ್ಚಿಗೆಯಾಯಿತು. ಈಗ ಮನೆಯವರೆಲ್ಲ ಮಧ್ಯಾಹ್ನ ಅಲ್ಲಿಯೇ ಬಂದು ಮಲಗುವರೆಂದು ಅವನ ದೂರು.