ಮೊದಲ ಬಾಯ್ಲೆ ಹೇಳ್ರಿ

ಮೊನ್ನೆ ಬೇಡಕಿಹಾಳದ ಹಳೇ ಮನೆಯಲ್ಲಿ ಟ್ರಂಕು ತೆಗೆದಾಗ ಅಜ್ಜನ ಅರ್ಜಿಯೊಂದರ ಕಾರ್ಬನ್ ಪ್ರತಿ ಸಿಕ್ಕಿತು. ಹೊಲದ ಉತಾರದ ತಕರಾರು. ಉಳ್ಳಾಗಡ್ಡಿ ಸಿಪ್ಪೆಯಂಥ ತೆಳು ಕಾಗದ, ಮಸುಕು ನೀಲಿ ಅಕ್ಷರ. ಬೆನ್ನಿಗೆ ಬೆರಳಾಡಿಸಿದರೆ ಪೂರ್ಣವಿರಾಮಗಳು ಇನ್ನೂ ಗಂಟುಗಂಟಾಗಿ ತಾಗುತ್ತವೆ.

ಅದನ್ನು ಬರೆಸಲು ಅಜ್ಜನ ಜೊತೆ ಚಿಕ್ಕೋಡಿಗೆ ಹೋಗಿದ್ದೆ. ಕೋರ್ಟಿನೆದುರು ಮರದ ನೆರಳು, ಮೇಜು, ಅದರ ಮೇಲೊಂದು ಗೋದ್ರೇಜ್ ಮಶೀನು. ಅಜ್ಜ ಮುತ್ತಜ್ಜನ ಕಾಲದಿಂದ ಕತೆ ಶುರು ಮಾಡಿದ. "ಯಜಮಾನ್ರ, ಮೊದಲ ಬಾಯ್ಲೆ ಪೂರಾ ಹೇಳ್ರಿ, ಆಮ್ಯಾಲ ಬಡೀತೀನಿ" ಅಂದರು ಟೈಪಿಸ್ಟರು. ಒಂದಕ್ಷರ ತಪ್ಪಿದರೆ ಮೇಲಿನ ಹಾಳೆಯಷ್ಟೇ ಅಲ್ಲ, ಕೆಳಗಿನ ಪ್ರತಿಗಳನ್ನೂ ಉಜ್ಜಬೇಕು. ಕನ್ನಡದಲ್ಲಂತೂ ಅಕ್ಷರ, ಗುಣಿತ, ಒತ್ತು ಎಲ್ಲವನ್ನೂ ಬೇರೆ ಬೇರೆ ಬಡಿದು ಕೂಡಿಸಬೇಕು. ನಮ್ಮ ಅಕ್ಷರಸಂಸಾರವನ್ನು ನಾಲ್ಕು ಸಾಲು ಕೀಲಿಗಳಲ್ಲಿ ಕೂರಿಸಿದ ಕೆ. ಅನಂತಸುಬ್ಬರಾಯರಿಗೆ ಕೈ ಮುಗಿಯಬೇಕು. ಕೊನೆಗೆ ಅಜ್ಜನ ಮೂರು ತಲೆಮಾರಿನ ಕತೆ ಮೂರು ವಾಕ್ಯಕ್ಕಿಳಿಯಿತು. ಸಾಲು ಮುಗಿಯುವ ಹೊತ್ತಿಗೆಲ್ಲ ಟಿಣ್ ಅನ್ನುವ ಗಂಟೆ.

ತಾರಿನ ಮಾತೂ ಅಷ್ಟೇ. ಪದ ಎಣಿಸಿ ದುಡ್ಡು. ಮದುವೆಯ ಹಾರೈಕೆಗೆ ತಾರು ಕಚೇರಿಯಲ್ಲಿ ಒಂದು ಸಂಖ್ಯೆಯೇ ಇತ್ತು; ಅಂಕಿ ಹೇಳಿದರೆ ಆಶೀರ್ವಾದ ಮುಟ್ಟುತ್ತಿತ್ತು. 2013ರ ಜುಲೈನಲ್ಲಿ ಅದೂ ನಿಂತಿತು.

ಗೋಡೆ ಜಾಹೀರಾತು ನೋಡುವುದೆಂದರೆ ನನಗೆ ಜಾತ್ರೆ. ಪೇಂಟರು ಸುಣ್ಣ ಬಳಿದ ಗೋಡೆಗೆ ಕಾವಿ ಸವರಿದ ದಾರ ಹಿಡಿದು ಮಿಡಿದರೆ ನೆಟ್ಟನೆಯ ಗೆರೆ ಮೂಡುತ್ತಿತ್ತು. ಗೋಡೆಯ ಅಗಲ ನೋಡಿಯೇ ಮಾತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಪಕ್ಕದಲ್ಲಿ 'ನಾವಿಬ್ಬರು, ನಮಗಿಬ್ಬರು'. ಎರಡೇ ಪದ. ಗಡಿಯೂರಾದ್ದರಿಂದ ಒಂದು ಗೋಡೆ ಕನ್ನಡದಲ್ಲಿ, ಮುಂದಿನದು ಮರಾಠಿಯಲ್ಲಿ. ನಾನು ಎರಡೂ ಲಿಪಿ ಕೂಡಿಸಿ ಓದಲು ಕಲಿತದ್ದು ಸಾಲಿಗೆ ಹೋಗುವ ಆ ದಾರಿಯಲ್ಲೇ.

ಜಾಹೀರಾತಿನ ಮಾತಿಗೆ ತೂಕ ಬರುವುದು ಸುಲಭವಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ರೈತರು ಹಿಂಜರಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಕೃಷ್ಣೆಯಾಚೆ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದಿತು. 1920ರಲ್ಲಿ ಮಾಲಿನ ಸುದ್ದಿ ಹೇಳಲೆಂದೇ 'ಕಿರ್ಲೋಸ್ಕರ ಖಬರ' ಪತ್ರಿಕೆ ಬಂತು. ಮೊದಲು ಹೊಲದಲ್ಲಿ ನೇಗಿಲು ನಡೆಯಿತು, ಆಮೇಲೆ ಮಾತು.

ಅಜ್ಜನ ಪ್ರತಿಯನ್ನು ಮಡಿಕೆ ಮುರಿಯದಂತೆ ಮತ್ತೆ ಟ್ರಂಕಿಗಿಟ್ಟೆ. ಈಗ ಮೊಬೈಲಿನಲ್ಲಿ ಯಾರಿಗಾದರೂ ಬರೆಯುವ ಮುಂಚೆ ನಾನೂ ಒಮ್ಮೆ ಬಾಯ್ಲೆ ಹೇಳಿ ನೋಡುತ್ತೇನೆ. ಅರ್ಧ ಮಾತು ಅಲ್ಲೇ ಉದುರುತ್ತದೆ. ಉಳಿದದ್ದನ್ನು ಕಳಿಸುತ್ತೇನೆ.