ಕಡಲತಡಿಯ ಅರುಂಧತಿ

ಕಳೆದ ವೈಶಾಖದ ಅಮಾವಾಸ್ಯೆಯಂದು ಮಗನ ಸಂಸಾರದೊಡನೆ ಗೋಕರ್ಣದ ಕಡಲತಡಿಯಲ್ಲಿದ್ದೆನು. ಮಕ್ಕಳಿಗೆ ಅಲೆಗಳ ಹುಚ್ಚು, ನನಗೆ ನಕ್ಷತ್ರಗಳದು. ರಾತ್ರಿ 9 ಗಂಟೆಯ ಸುಮಾರಿಗೆ ತ್ರಿಶಂಕುವು ದಕ್ಷಿಣ ದಿಗಂತದಿಂದ ಸುಮಾರು 15 ಅಂಶ ಮೇಲೆ ನಿಂತಿದ್ದನು. ಮೂವತ್ತು ವರುಷ ತರಗತಿಯಲ್ಲಿ ಅವನ ಕಥೆ ಹೇಳಿದವನು ಅವನನ್ನು ಕಂಡುದು ಇದೇ ಮೊದಲು! ಊರಿನ ಅಕ್ಷಾಂಶವೆಷ್ಟೋ ಧ್ರುವನ ಉನ್ನತಿಯೂ ಅಷ್ಟೇ. ಗೋಕರ್ಣದ್ದು ಸುಮಾರು 14½. ಹೀಗಾಗಿ ಸ್ಥಿರಪದವಿಯನ್ನು ಪಡೆದವನೂ ತಲೆಕೆಳಗಾದವನೂ ಅಲ್ಲಿ ಹೆಚ್ಚುಕಡಿಮೆ ಸಮಾನರು.

ಬಳಿಕ ಸಪ್ತರ್ಷಿಗಳತ್ತ ತಿರುಗಿ, “ಅವನೇ ವಸಿಷ್ಠ, ಪಕ್ಕದಲ್ಲಿ ಅರುಂಧತಿ” ಎಂದೆನು. ಅದು ಬರಿಯ ಅಭ್ಯಾಸಬಲ. ಪೊರೆ ಬಂದ ಈ ಕಣ್ಣಿಗೆ ಅವಳು ಕಾಣಿಸದೆ ಎರಡು ವರುಷವಾಯಿತು.

“ಹೌದು ಅಜ್ಜಾ, ತೀರ ಸಣ್ಣಗಿದ್ದಾಳೆ. ನಿಮಗೆ ಕಾಣುತ್ತಾಳೆಯೇ?” ಎಂದಳು ಮೊಮ್ಮಗಳು.

ಸುಳ್ಳಾಡಲು ಬಾಯಿ ಬಾರದು. ಅವಳು ಮಾತನಾಡದೆ ನನ್ನ ಬೆರಳನ್ನು ಹಿಡಿದು, ತುಸು ಎಡಕ್ಕೆ ಸರಿಸಿದಳು.