ಆಕಾಶದ ದೀಪಗಳೂ ಅವುಗಳ ದೂರವೂ

ಬೆಳದಿಂಗಳಿಲ್ಲದ ರಾತ್ರಿಯಲ್ಲಿ ತಲೆಯೆತ್ತಿ ನೋಡಿ ಬೆರಗಾಗದವರು ಯಾರು? ನಮ್ಮ ಹಿರಿಯರು ಆ ಬೆರಗಿನಿಂದಲೇ ಸೃಷ್ಟಿಕರ್ತನನ್ನು ಸ್ತುತಿಸಿದರು. ಆದರೆ ತಿಳಿವಳಿಕೆಯು ಬಂದರೆ ಬೆರಗು ಹೋಗುವುದೆಂದು ಕೆಲವರು ಅಂಜುತ್ತಾರೆ. ನಕ್ಷತ್ರಗಳ ಲೆಕ್ಕದಿಂದ ಹೆಣ್ಣುಮಕ್ಕಳಿಗೆ ಆಗಬೇಕಾದುದೇನೆಂದು ಇನ್ನು ಕೆಲವರು ಕೇಳುತ್ತಾರೆ. ಈ ಎರಡು ಮಾತುಗಳನ್ನೂ ನಾವು ನಮ್ಮ ನಮ್ಮ ಮನೆಗಳಲ್ಲಿಯೇ ಕೇಳಿದ್ದೇವೆ. ಅವುಗಳಿಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ಸ್ತ್ರೀಯ ಕೆಲಸವನ್ನು ವಿವರಿಸುವುದು ಲೇಸೆಂದು ನಮಗೆ ತೋರುತ್ತದೆ.

ಕತ್ತಲೆಯಲ್ಲಿ ಒಂದು ದೀಪವು ಕಾಣುತ್ತದೆನ್ನೋಣ. ಅದು ಹತ್ತಿರದ ಗುಡಿಸಲಿನ ಹಣತೆಯೋ ದೂರದ ಗುಡ್ಡದ ಮೇಲಣ ದೊಡ್ಡ ದೀಪವೋ, ಬರಿಯ ಕಣ್ಣಿಗೆ ತಿಳಿಯದು. ದೀಪದ ನಿಜವಾದ ಕಾಂತಿಯು ಎಷ್ಟೆಂದು ಗೊತ್ತಿದ್ದರೆ ಮಾತ್ರ, ಅದು ಎಷ್ಟು ಮಂಕಾಗಿ ಕಾಣುತ್ತದೆಂಬುದರಿಂದ ದೂರವನ್ನು ಎಣಿಸಬಹುದು; ದೂರವು ಇಮ್ಮಡಿಯಾದರೆ ನಮಗೆ ಕಾಣುವ ಕಾಂತಿಯು ನಾಲ್ಕರಲ್ಲೊಂದು ಪಾಲಾಗುತ್ತದೆ. ನಕ್ಷತ್ರಗಳ ವಿಷಯದಲ್ಲಿ ಜ್ಞಾನಿಗಳಿಗಿದ್ದ ತೊಡಕು ಇದೇ. ಹಣತೆ ಯಾವುದು, ದೊಡ್ಡ ದೀಪ ಯಾವುದು ಎಂದು ಹೇಳುವವರಾರು?

ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಜಾನ್ ಗುಡ್ರಿಕ್ ಎಂಬ ಕಿವುಡ ಯುವಕನಿದ್ದನು. ಸೀಫಿಯಸ್ ಎಂಬ ರಾಶಿಯ ಡೆಲ್ಟಾ ಎಂಬ ನಕ್ಷತ್ರವು ಹೆಚ್ಚುತ್ತ ಕುಂದುತ್ತ ಇರುವುದನ್ನು ಅವನು 1784ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಕಂಡುಹಿಡಿದನು. ಅದು 5 ದಿನ 9 ಗಂಟೆಗಳಷ್ಟು ಕಾಲಕ್ಕೊಮ್ಮೆ ತಪ್ಪದೆ ತನ್ನ ಸುತ್ತನ್ನು ಮುಗಿಸುತ್ತದೆ. ಆ ನಕ್ಷತ್ರವು ಎದೆಯುಸಿರಿನಂತೆ ಉಬ್ಬಿ ಕುಗ್ಗುವುದರಿಂದ ಹೀಗಾಗುತ್ತದೆಂದು ಈಗ ನಾವು ಬಲ್ಲೆವು. ಇಂಥ ನಕ್ಷತ್ರಗಳಿಗೆ ಸಿಫೀಡ್‌ಗಳೆಂದು ಹೆಸರಾಯಿತು.

ಈ ಉಸಿರಾಟದ ಅರ್ಥವನ್ನು ಬಿಡಿಸಿದವರು ಅಮೆರಿಕದ ಮಿಸ್ ಹೆನ್ರಿಯೆಟಾ ಲೀವಿಟ್ ಎಂಬವರು. 1868ರಲ್ಲಿ ಒಬ್ಬ ಸಭಾಪಾಲಕರ ಮಗಳಾಗಿ ಹುಟ್ಟಿದ ಇವರ ಕಿವಿಯೂ ಕಾಲಕ್ರಮದಲ್ಲಿ ಮಂದವಾಯಿತೆಂಬುದು ಸೋಜಿಗ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅಂದು ದೂರದರ್ಶಕವನ್ನು ನಡೆಸುವುದು ಗಂಡಸರ ಕೆಲಸವಾಗಿತ್ತು. ಗಾಜಿನ ಫಲಕಗಳ ಮೇಲೆ ತೆಗೆದ ಆಕಾಶದ ಛಾಯಾಚಿತ್ರಗಳನ್ನು ಪರೀಕ್ಷಿಸಿ ಲೆಕ್ಕ ಬರೆಯುವುದು ಹೆಂಗಸರ ಪಾಲಿಗೆ ಬಂದಿತ್ತು. ಲೀವಿಟ್ಟರಿಗೆ ಗಂಟೆಗೆ 30 ಸೆಂಟುಗಳ ಸಂಬಳ. ಬೇರೆ ಬೇರೆ ರಾತ್ರಿಗಳ ಎರಡು ಫಲಕಗಳನ್ನು, ಒಂದರಲ್ಲಿ ನಕ್ಷತ್ರಗಳು ಕಪ್ಪಾಗಿಯೂ ಇನ್ನೊಂದರಲ್ಲಿ ಬೆಳ್ಳಗೂ ಇರುವಂತೆ ಮಾಡಿ, ಒಂದರ ಮೇಲೊಂದಿಟ್ಟು ನೋಡುವರು. ಕಾಂತಿಯು ಬದಲಾಗದ ಚುಕ್ಕಿಗಳು ಒಂದನ್ನೊಂದು ಮುಚ್ಚಿಕೊಳ್ಳುವುವು; ಬದಲಾದ ಚುಕ್ಕಿ ಮಾತ್ರ ಕಣ್ಣಿಗೆ ಬೀಳುವುದು. ಹೀಗೆ ದಕ್ಷಿಣದ ಆಕಾಶದ ಮೆಗೆಲಾನ್ ಮೇಘಗಳೆರಡರಲ್ಲಿ 1777 ಚಂಚಲ ನಕ್ಷತ್ರಗಳಿವೆಯೆಂದು ಅವರು 1908ರಲ್ಲಿ ಪ್ರಕಟಿಸಿದರು.

1912ರಲ್ಲಿ ಅವರು ಚಿಕ್ಕ ಮೇಘದ 25 ನಕ್ಷತ್ರಗಳನ್ನು ಸಾಲಾಗಿ ಬರೆದು ತೋರಿಸಿದರು. ಅವೆಲ್ಲವೂ ಒಂದೇ ಮೇಘದಲ್ಲಿರುವುದರಿಂದ ನಮಗೆ ಹೆಚ್ಚುಕಡಮೆ ಒಂದೇ ದೂರದಲ್ಲಿವೆ. ಒಂದೇ ಬೀದಿಯ ದೀಪಗಳಂತೆ ಅವುಗಳನ್ನು ಹೋಲಿಸಬಹುದು. ಯಾವುದರ ಸುತ್ತು ದೀರ್ಘವೋ ಅದರ ಕಾಂತಿಯೂ ಅಧಿಕವೆಂದು ಆಗ ಸ್ಪಷ್ಟವಾಯಿತು. ಸುತ್ತಿನ ದಿನಗಳನ್ನು ಎಣಿಸಿದರೆ ದೀಪವು ಎಷ್ಟು ದೊಡ್ಡದೆಂದು ತಿಳಿಯಿತು. ಹತ್ತಿರದ ಕೆಲವು ಸಿಫೀಡ್‌ಗಳಿಂದ ಅಳತೆಯನ್ನು ಸರಿಪಡಿಸಿಕೊಂಡರೆ ದೂರವೂ ತಿಳಿಯಿತು.

1923ರಲ್ಲಿ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ನಿನಲ್ಲಿ ಎಡ್ವಿನ್ ಹಬಲ್ ಎಂಬ ಪಂಡಿತರು ಆಂಡ್ರೊಮಿಡಾ ನೀಹಾರಿಕೆಯಲ್ಲಿ ಇಂಥದೊಂದು ನಕ್ಷತ್ರವನ್ನು ಕಂಡು, ಲೀವಿಟ್ಟರ ನಿಯಮದಿಂದ ಲೆಕ್ಕ ಹಾಕಿದರು. ಆ ಮಂಕಾದ ಮೋಡವು ನಮ್ಮ ಆಕಾಶಗಂಗೆಯ ಹೊರಗಿರುವ ಬೇರೊಂದು ನಕ್ಷತ್ರಲೋಕವೆಂದು ತಿಳಿಯಿತು. ಅದರ ದೂರವು ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳೆಂದು ಇಂದಿನ ಅಳತೆ. ಇಷ್ಟಾಗುವ ಮೊದಲೇ, 1921ರಲ್ಲಿ, ಲೀವಿಟ್ಟರು ತೀರಿಕೊಂಡಿದ್ದರು. ಅದನ್ನರಿಯದೆ ಸ್ವೀಡನ್ನಿನ ಗಣಿತಜ್ಞರೊಬ್ಬರು ಅವರನ್ನು ನೊಬೆಲ್ ಪಾರಿತೋಷಕಕ್ಕೆ ಸೂಚಿಸಬೇಕೆಂದು 1925ರಲ್ಲಿ ಕಾಗದ ಬರೆದರು. 1990ರಲ್ಲಿ ಅಂತರಿಕ್ಷಕ್ಕೆ ಏರಿಸಿದ, ಹಬಲರ ಹೆಸರಿನ ದೂರದರ್ಶಕವೂ ಆ ನಿಯಮವನ್ನೇ ಹಿಡಿದು ಎಷ್ಟೋ ನಕ್ಷತ್ರಲೋಕಗಳ ದೂರವನ್ನು ಅಳೆದಿದೆ.

ಇದನ್ನು ಓದಿದ ಮೇಲೆ ನಾವು ಹಳೆಯ ವಿದ್ಯಾರ್ಥಿನಿಯರು ಕೆಲವರು ಮಳೆಗಾಲ ಕಳೆದ ರಾತ್ರಿಗಳಲ್ಲಿ ನಮ್ಮ ಹೆಣ್ಣುಮಕ್ಕಳೊಡನೆ ಮಾಳಿಗೆಯೇರಿ, ಉತ್ತರ ದಿಕ್ಕಿನಲ್ಲಿ ಡೆಲ್ಟಾವನ್ನು ಹುಡುಕಿದೆವು. ಪಕ್ಕದ ಎರಡು ನಕ್ಷತ್ರಗಳೊಡನೆ ಹೋಲಿಸಿ ದಿನವೂ ಪುಸ್ತಕದಲ್ಲಿ ಗುರುತು ಹಾಕಿದೆವು. ಮೋಡ ಕವಿದ ದಿನಗಳಲ್ಲಿ ಆ ಸಾಲು ಬರಿದಾಗಿ ಉಳಿಯಿತು. ಎರಡು ವಾರಗಳ ಮೇಲೆ ಗುರುತುಗಳನ್ನು ಕೂಡಿಸಿ ನೋಡಲು, ಅದು ಬೇಗನೆ ಬೆಳಗಿ ನಿಧಾನವಾಗಿ ಕುಂದುವ ಕ್ರಮವು ಕಾಗದದ ಮೇಲೆ ಮೂಡಿತ್ತು. ಆಗ ಮಕ್ಕಳಲ್ಲಿ ಚಿಕ್ಕವಳು, "ಅಮ್ಮಾ, ನಾವು ಮಲಗಿದ್ದಾಗಲೂ ಅದು ತಪ್ಪದೆ ಹೀಗೆಯೇ ಮಾಡುತ್ತಿತ್ತೇ?" ಎಂದು ಕೇಳಿದಳು. ಅಂದಿನ ಸಂಜೆಯ ಪ್ರಾರ್ಥನೆಯಲ್ಲಿ ನಮ್ಮ ಬೆರಗು ಕಡಮೆಯಾಗಿರಲಿಲ್ಲ. ಅದಕ್ಕೆ ಒಂದು ಹೆಸರೂ ಒಂದು ಲೆಕ್ಕವೂ ದೊರೆತಿದ್ದುವು.

ತಾಯ್ತಂದೆಗಳೇ, ಮಗಳು ಆಕಾಶದ ವಿಷಯವಾಗಿ ಕೇಳಿದಾಗ ಉತ್ತರವು ತಿಳಿಯದಿದ್ದರೂ ಚಿಂತೆಯಿಲ್ಲ. ಅವಳನ್ನು ಗದರಿಸಿ ಒಳಗೆ ಕರೆಯಬೇಡಿರಿ. ಅಂಗಳದ ದೀಪವನ್ನು ಸ್ವಲ್ಪ ಹೊತ್ತು ಆರಿಸಿ, ಅವಳ ಪಕ್ಕದಲ್ಲಿ ನಿಂತುಕೊಂಡರೆ ಸಾಕು.